ಕೇಳಿದ್ದನ್ನೆಲ್ಲ ಮರುನುಡಿಯುವ ಉಪಗ್ರಹ

2010ರ ಏಪ್ರಿಲ್ 5ರಂದು ಗ್ಯಾಲಕ್ಸಿ 15 ಎಂಬ ಉಪಗ್ರಹ ತನ್ನ ಒಡೆಯರ ಮಾತು ಕೇಳುವುದನ್ನು ಬಿಟ್ಟಿತು. ಇಂಟೆಲ್‌ಸ್ಯಾಟ್ ಕಂಪನಿಗೆ ಸೇರಿದ ಇದು ಬಾನಿಗೇರಿ ಐದು ವರ್ಷವೂ ತುಂಬಿರಲಿಲ್ಲ. ಸಮಭಾಜಕ ವೃತ್ತದ ಮೇಲೆ, ಪಶ್ಚಿಮ ರೇಖಾಂಶ 133 ಡಿಗ್ರಿಯಲ್ಲಿ ನಿಂತು, ಅಮೆರಿಕದ ಕೇಬಲ್ ಕಂಪನಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸುವುದು ಅದರ ಮುಖ್ಯ ಕೆಲಸ. ಅಂದಿನಿಂದ ನೆಲದಿಂದ ಹೋದ ಯಾವ ಆದೇಶಕ್ಕೂ ಉತ್ತರ ಬರಲಿಲ್ಲ.

ಉಪಗ್ರಹ ಕೆಡುವುದು ಹೊಸದಲ್ಲ. ನಿಯಂತ್ರಣ ತಪ್ಪಿದ ಉಪಗ್ರಹ ಸಾಮಾನ್ಯವಾಗಿ ದಿಕ್ಕುಗೆಡುತ್ತದೆ, ಸೌರಫಲಕಗಳಿಗೆ ಬಿಸಿಲು ತಪ್ಪುತ್ತದೆ, ಬ್ಯಾಟರಿ ಬರಿದಾಗಿ ಎಲ್ಲವೂ ನಿಂತುಹೋಗುತ್ತದೆ. ಗ್ಯಾಲಕ್ಸಿ 15 ಹಾಗೆ ಸಾಯಲಿಲ್ಲ. ಅದರ ಮುಖ ಭೂಮಿಯ ಕಡೆಗೇ ಇತ್ತು, ಫಲಕಗಳಿಗೆ ಬಿಸಿಲು ಸಿಗುತ್ತಿತ್ತು, ಸಂಕೇತ ಹಿಡಿದು ಮರಳಿ ಕಳಿಸುವ ಟ್ರಾನ್ಸ್‌ಪಾಂಡರುಗಳು ಪೂರ್ಣ ಶಕ್ತಿಯಲ್ಲಿ ದುಡಿಯುತ್ತಿದ್ದವು. ನಿಂತಿದ್ದು ಒಂದೇ ಕೆಲಸ: ತನ್ನ ಜಾಗದಲ್ಲಿ ನಿಲ್ಲುವುದು. ಭೂಮಿ ಅಚ್ಚುಕಟ್ಟಾದ ಗೋಳವಲ್ಲವಾದ್ದರಿಂದ ಅದರ ಗುರುತ್ವದ ಸೆಳೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಭೂಸ್ಥಿರ ಉಪಗ್ರಹಗಳು ಆಗಾಗ ಸಣ್ಣ ರಾಕೆಟ್ ಉರಿಸಿ ಈ ಸೆಳೆತವನ್ನು ತಿದ್ದಿಕೊಳ್ಳಬೇಕು. ತಿದ್ದುವವರಿಲ್ಲದ ಗ್ಯಾಲಕ್ಸಿ 15 ನಿಧಾನವಾಗಿ ಪೂರ್ವಕ್ಕೆ ಜಾರತೊಡಗಿತು. ಪತ್ರಿಕೆಗಳು ಅದನ್ನು ‘ಝಾಂಬಿ ಉಪಗ್ರಹ’ ಎಂದು ಕರೆದವು.

ಜಾರುವ ದಾರಿಯಲ್ಲಿ ಮೊದಲು ಸಿಗುವುದು ಎಸ್‌ಇಎಸ್ ಕಂಪನಿಯ ಎಎಂಸಿ 11. ಅದರ ಸ್ಥಾನ 131 ಡಿಗ್ರಿ. ಎರಡು ಡಿಗ್ರಿಯ ಅಂತರವೆಂದರೆ ಕಕ್ಷೆಯ ಮೇಲೆ ಸುಮಾರು 1,470 ಕಿಲೋಮೀಟರ್. ಡಿಕ್ಕಿಯ ಭಯಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಎರಡೂ ಉಪಗ್ರಹಗಳು ಒಂದೇ ಸಿ-ಬ್ಯಾಂಡ್ ಆವರ್ತನಗಳಲ್ಲಿ ಕೆಲಸ ಮಾಡುವಂಥವು.

ಸಂಪರ್ಕ ಉಪಗ್ರಹದ ಸ್ವಭಾವ ಗೊತ್ತಿದ್ದರೆ ಈ ಭಯ ಅರ್ಥವಾಗುತ್ತದೆ. ನೆಲದಿಂದ 6 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಬಂದ ಸಂಕೇತವನ್ನು ಅದು ಹಿಡಿಯುತ್ತದೆ, 4 ಗಿಗಾಹರ್ಟ್ಸ್ ಆಸುಪಾಸಿಗೆ ಇಳಿಸುತ್ತದೆ, ಬಲ ತುಂಬಿ ಕೆಳಗೆ ಕಳಿಸುತ್ತದೆ. ಕಳಿಸಿದವರು ಯಾರು, ಅವರಿಗೆ ಹಕ್ಕಿದೆಯೇ, ಆ ಸಂಕೇತ ತನಗೆಂದೇ ಬಂದದ್ದೇ ಎಂದು ವಿಚಾರಿಸುವ ಬುದ್ಧಿ ಇಂಥ ಉಪಗ್ರಹಕ್ಕೆ ಇಲ್ಲ. ಗ್ಯಾಲಕ್ಸಿ 15 ಪಕ್ಕಕ್ಕೆ ಬಂದರೆ, ಎಎಂಸಿ 11ಕ್ಕೆ ಹೋಗುವ ಟಿವಿ ಸಂಕೇತ ಅದಕ್ಕೂ ಕೇಳಿಸುತ್ತದೆ. ಕೇಳಿಸಿದ್ದನ್ನು ಅದು ಮರುನುಡಿಯುತ್ತದೆ. ಒಂದೇ ಸಂಕೇತದ ಎರಡು ಪ್ರತಿಗಳು ಎರಡು ದಾರಿಯಿಂದ ತುಸು ಹಿಂದುಮುಂದಾಗಿ ಡಿಶ್‌ಗೆ ಬಂದು ಒಂದರ ಮೇಲೊಂದು ಬೀಳುತ್ತವೆ. ರಿಸೀವರಿಗೆ ಎರಡೂ ಅರ್ಥವಾಗುವುದಿಲ್ಲ.

ಮೇ ತಿಂಗಳ ಮೊದಲ ವಾರ ಇಂಟೆಲ್‌ಸ್ಯಾಟ್ ಬಲಪ್ರಯೋಗ ಮಾಡಿ ನೋಡಿತು. ಅತಿ ಪ್ರಬಲ ಸಂಕೇತ ಕಳಿಸಿದರೆ ಟ್ರಾನ್ಸ್‌ಪಾಂಡರುಗಳು ವಿಪರೀತ ವಿದ್ಯುತ್ ಎಳೆದು ಉಪಗ್ರಹ ತಾನಾಗಿ ಅವನ್ನು ಆರಿಸೀತು ಎಂಬುದು ಲೆಕ್ಕಾಚಾರ. ಅದು ಫಲಿಸಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಬೇರೆಯೇ ಉಪಾಯ. ಅದನ್ನು ತಿಳಿಯುವ ಮೊದಲು, ಉಪಗ್ರಹದಿಂದ ನಮ್ಮ ಡಿಶ್‌ಗೆ ಬಂದು ಸೇರುವುದು ಎಷ್ಟು ಎಂಬುದನ್ನು ನೋಡಬೇಕು.

ಬಂದು ತಲುಪುವುದು ಎಷ್ಟು?

ಭೂಸ್ಥಿರ ಕಕ್ಷೆ ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಡಿಟಿಎಚ್ ಉಪಗ್ರಹದ ಒಂದು ಟ್ರಾನ್ಸ್‌ಪಾಂಡರಿನ ಶಕ್ತಿ ನೂರು ವ್ಯಾಟ್ ಆಸುಪಾಸು; ಹಳೆಯ ಕಾಲದ ಒಂದು ಬಲ್ಬಿನಷ್ಟು. ಅದನ್ನು ಇಡೀ ಭಾರತದ ಮೇಲೆ ಹರಡಿದಾಗ 60 ಸೆಂಟಿಮೀಟರ್ ಡಿಶ್ಶಿಗೆ ಸಿಗುವ ಪಾಲು ಒಂದು ವ್ಯಾಟಿನ ಲಕ್ಷ ಕೋಟಿ ಭಾಗದಲ್ಲಿ ಒಂದೆರಡು ಭಾಗ ಮಾತ್ರ. ನಮ್ಮ ಮನೆಯ ಟಿವಿ ಅಷ್ಟರಲ್ಲೇ ನಡೆಯುತ್ತದೆ. ಹೀಗಿರುವಾಗ ಬೇರೆಲ್ಲಿಂದಲೋ ಅಷ್ಟೇ ಸಣ್ಣದೊಂದು ಪಾಲು ಸೋರಿ ಬಂದರೂ ಅದು ಸಮಬಲದ ಎದುರಾಳಿಯೇ.

ಕೆಲವೊಮ್ಮೆ ಎದುರಾಳಿ ಸಾಕ್ಷಾತ್ ಸೂರ್ಯ. ವರ್ಷಕ್ಕೆರಡು ಬಾರಿ, ವಿಷುವದ ಹತ್ತಿರದ ಕೆಲವು ದಿನ, ಡಿಶ್ಶಿನಿಂದ ನೋಡಿದರೆ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಹಾದುಹೋಗುತ್ತಾನೆ. ಕರ್ನಾಟಕದಲ್ಲಿ ಇದು ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯ ಹೊತ್ತಿಗೆ. ಸೂರ್ಯ ಸೂಸುವ ರೇಡಿಯೋ ಗದ್ದಲದಲ್ಲಿ ಉಪಗ್ರಹದ ಸಂಕೇತ ಕೆಲವು ನಿಮಿಷ ಮುಳುಗಿಹೋಗುತ್ತದೆ. ಇದನ್ನು ತಡೆಯಲಾಗದು. ಆದರೆ ಯಾವ ದಿನ, ಎಷ್ಟು ಗಂಟೆಗೆ ಎಂದು ಮುಂಚೆಯೇ ಲೆಕ್ಕ ಹಾಕಬಹುದು. ಭೂಕೇಂದ್ರಗಳು ಆ ಪಟ್ಟಿ ಇಟ್ಟುಕೊಂಡಿರುತ್ತವೆ. ಮನುಷ್ಯರು ಒಬ್ಬರಿಗೊಬ್ಬರು ಮಾಡುವ ಅಡಚಣೆಗೆ ಅಂಥ ಪಂಚಾಂಗವಿಲ್ಲ. ಅದರಲ್ಲಿ ಹೆಚ್ಚಿನದಕ್ಕೆ ಕಾರಣ ದುರುದ್ದೇಶವೂ ಅಲ್ಲ. ತಪ್ಪು ದಿಕ್ಕಿಗೆ ತಿರುಗಿದ ಡಿಶ್, ಸಡಿಲವಾದ ಕನೆಕ್ಟರ್, ತಪ್ಪಾಗಿ ಒತ್ತಿದ ಆವರ್ತನದ ಅಂಕಿ, ಇಂಥವೇ.

ಕಿರಣವನ್ನು ಕಿರಿದಾಗಿಸುವುದು

ಡಿಶ್ ಎಷ್ಟು ದೊಡ್ಡದೋ ಅದರ ಕಿರಣ ಅಷ್ಟು ಕಿರಿದು. ಲೆಕ್ಕ ಸರಳ: ತರಂಗದ ಉದ್ದವನ್ನು ಡಿಶ್ಶಿನ ವ್ಯಾಸದಿಂದ ಭಾಗಿಸಿ 70ರಿಂದ ಗುಣಿಸಿದರೆ ಕಿರಣದ ಅಗಲ ಡಿಗ್ರಿಗಳಲ್ಲಿ ಹೆಚ್ಚುಕಡಿಮೆ ಸಿಗುತ್ತದೆ. 6 ಗಿಗಾಹರ್ಟ್ಸ್ ತರಂಗದ ಉದ್ದ 5 ಸೆಂಟಿಮೀಟರ್. ಮೂರೂವರೆ ಮೀಟರ್ ಡಿಶ್ಶಿನ ಕಿರಣ ಒಂದು ಡಿಗ್ರಿ ಅಗಲವಿದ್ದರೆ, 18 ಮೀಟರ್ ಡಿಶ್ಶಿನದು 0.2 ಡಿಗ್ರಿ ಮಾತ್ರ. ಕಕ್ಷೆಯ ದೂರಕ್ಕೆ ಹೋದಾಗ ಮೊದಲನೆಯದು ಸುಮಾರು 650 ಕಿಲೋಮೀಟರ್ ಹರಡಿಕೊಳ್ಳುತ್ತದೆ, ಎರಡನೆಯದು 130ರ ಒಳಗೇ ನಿಲ್ಲುತ್ತದೆ.

ಎಸ್‌ಇಎಸ್ ಮತ್ತು ಇಂಟೆಲ್‌ಸ್ಯಾಟ್ ಎಂಜಿನಿಯರುಗಳು ಈ ಲೆಕ್ಕವನ್ನೇ ಹಿಡಿದರು. ಆಗ ಎರಡೂ ಕಂಪನಿಗಳು ವ್ಯಾಪಾರದಲ್ಲಿ ಎದುರಾಳಿಗಳಾಗಿದ್ದವು. ಆ ಕೆಲವು ವಾರ ಮಾತ್ರ ಒಂದೇ ಮೇಜಿಗೆ ಕೂತರು. ಎಎಂಸಿ 11ಕ್ಕೆ ಹೋಗುವ ಕಾರ್ಯಕ್ರಮಗಳನ್ನು ಬಹು ದೊಡ್ಡ ಡಿಶ್ಶಿನ ಮೂಲಕ ಕಳಿಸಿದರೆ ಪಕ್ಕದ ಉಪಗ್ರಹಕ್ಕೆ ಬೀಳುವ ಪಾಲು ತೀರಾ ಕಡಿಮೆಯಾಗುತ್ತದೆ. ಜೊತೆಗೆ ಎಎಂಸಿ 11 ಅನ್ನೇ ಅದರ ಸ್ಥಾನದಲ್ಲಿ ತುಸು ಅತ್ತಿತ್ತ ಸರಿಸಿ ಅಂತರ ಹೆಚ್ಚಿಸಿಕೊಂಡರು. ಮೇ ಕೊನೆ, ಜೂನ್ ಮೊದಲ ವಾರದ ಹೊತ್ತಿಗೆ ಗ್ಯಾಲಕ್ಸಿ 15 ಹಾದುಹೋಯಿತು. ಟಿವಿ ನೋಡುತ್ತಿದ್ದವರಿಗೆ ಏನೂ ಗೊತ್ತಾಗಲಿಲ್ಲ. ಮುಂದೆ ಸಿಕ್ಕ ಬೇರೆ ಉಪಗ್ರಹಗಳನ್ನೂ ಅದು ಹೀಗೆಯೇ ದಾಟಿತು. ಡಿಸೆಂಬರ್ 23ರಂದು ಅದರ ಬ್ಯಾಟರಿ ಪೂರ್ತಿ ಬರಿದಾಗಿ, ಕಂಪ್ಯೂಟರ್ ತಾನಾಗಿ ಮರುಚಾಲನೆಗೊಂಡು, ಮತ್ತೆ ಆದೇಶ ಪಾಲಿಸತೊಡಗಿತು.

ಅಮೆರಿಕದಲ್ಲಿ ಉಪಗ್ರಹಗಳ ನಡುವೆ ಎರಡು ಡಿಗ್ರಿ ಅಂತರ ಸಾಕೆಂದು ಅಲ್ಲಿನ ಸಂಪರ್ಕ ಆಯೋಗ ನಿರ್ಧರಿಸಿದ್ದು 1983ರಲ್ಲಿ. ಅದಕ್ಕೂ ಮುಂಚೆ ಅಂತರ ಹೆಚ್ಚಿತ್ತು. ಜಾಗ ಕಿರಿದಾದಂತೆ ಡಿಶ್‌ಗಳ ಮೇಲಿನ ನಿಯಮ ಬಿಗಿಯಾಯಿತು. ಯಾವ ಡಿಶ್ಶೂ ತನ್ನ ಶಕ್ತಿಯನ್ನೆಲ್ಲ ಒಂದೇ ಕಡೆ ಕಳಿಸುವುದಿಲ್ಲ. ಮುಖ್ಯ ಕಿರಣದ ಅಕ್ಕಪಕ್ಕ ಸಣ್ಣ ಸಣ್ಣ ಕವಲುಗಳಲ್ಲಿ ಒಂದಿಷ್ಟು ಸೋರುತ್ತದೆ. ಕೇಂದ್ರದಿಂದ ಎಷ್ಟು ಡಿಗ್ರಿ ಆಚೆ ಎಷ್ಟು ಸೋರಬಹುದು ಎಂಬುದಕ್ಕೆ ಮಿತಿಯ ರೇಖೆಯಿದೆ. ತಟ್ಟೆಯ ಮೇಲ್ಮೈ ಒಂದೆರಡು ಮಿಲಿಮೀಟರ್ ಉಬ್ಬುತಗ್ಗಾದರೂ ಆ ರೇಖೆ ಮೀರಿಹೋಗಬಹುದು. ಗಾಳಿಗೆ ಬಾಗಿದ ಅಗ್ಗದ ಡಿಶ್ ತನ್ನ ಮಾಲೀಕನಿಗೆ ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ. ತೊಂದರೆ ಆಗುವುದು ಪಕ್ಕದ ಉಪಗ್ರಹದ ಗಿರಾಕಿಗೆ.

ಒಂದೇ ಆವರ್ತನದಲ್ಲಿ ಇಬ್ಬರು

ಸಿ-ಬ್ಯಾಂಡ್ ಉಪಗ್ರಹಕ್ಕೆ ಸಾಂಪ್ರದಾಯಿಕವಾಗಿ ಸಿಗುವ ಜಾಗ 500 ಮೆಗಾಹರ್ಟ್ಸ್. ಪ್ರತಿ ಟ್ರಾನ್ಸ್‌ಪಾಂಡರಿಗೆ 36 ಮೆಗಾಹರ್ಟ್ಸ್, ನಡುವೆ 4 ಮೆಗಾಹರ್ಟ್ಸ್ ಖಾಲಿ ಬಿಟ್ಟರೆ ಹನ್ನೆರಡೇ ಹಿಡಿಸಬೇಕು. ಉಪಗ್ರಹದಲ್ಲಿ ಇರುವುದು ಇಪ್ಪತ್ತನಾಲ್ಕು. ಅದೇ ಆವರ್ತನವನ್ನು ಎರಡು ಸಲ ಬಳಸುವುದರಿಂದ ಇದು ಸಾಧ್ಯ. ಕಂಬಕ್ಕೆ ಕಟ್ಟಿದ ಹಗ್ಗದ ತುದಿ ಹಿಡಿದು ಮೇಲೆಕೆಳಗೆ ಆಡಿಸಿದರೆ ಒಂದು ಬಗೆಯ ಅಲೆ, ಎಡಬಲಕ್ಕೆ ಆಡಿಸಿದರೆ ಇನ್ನೊಂದು. ರೇಡಿಯೋ ತರಂಗಗಳಿಗೂ ಹೀಗೆ ಲಂಬ ಮತ್ತು ಅಡ್ಡ ಎಂಬ ಎರಡು ಧ್ರುವೀಕರಣಗಳಿವೆ. ಲಂಬಕ್ಕೆ ಹೊಂದಿಸಿದ ಆಂಟೆನಾ ಅಡ್ಡ ತರಂಗವನ್ನು ಹೆಚ್ಚುಕಡಿಮೆ ಗಮನಿಸುವುದೇ ಇಲ್ಲ. ಒಳ್ಳೆಯ ಆಂಟೆನಾದಲ್ಲಿ ಒಂದರಿಂದ ಇನ್ನೊಂದಕ್ಕೆ ಸೋರುವುದು ಸಾವಿರದಲ್ಲೊಂದು ಪಾಲು.

ಆದರೆ ಉಪಗ್ರಹದ ‘ಲಂಬ’ ಮತ್ತು ನಮ್ಮ ಮನೆಯ ತಾರಸಿಯ ‘ಲಂಬ’ ಒಂದೇ ಆಗಿರುವುದಿಲ್ಲ. ಭೂಮಿ ದುಂಡಗಿರುವುದರಿಂದ ಊರು ಊರಿಗೂ ಕೋನ ಬೇರೆ. ಹಾಗಾಗಿ ಡಿಶ್ಶಿನ ಮುಂದಿರುವ ಫೀಡ್ ಅನ್ನು ಕೂಡಿಸುವಾಗ ಸರಿಯಾದ ಕೋನಕ್ಕೆ ತಿರುಗಿಸಬೇಕು. ಎಟಿಎಂಗೋ ಪೆಟ್ರೋಲ್ ಬಂಕಿಗೋ ವಿಸ್ಯಾಟ್ ಎಂಬ ಸಣ್ಣ ಡಿಶ್ ಕೂಡಿಸುವಾಗ ನಡೆಯುವುದು ಇದೇ. ತಾರಸಿಯ ಮೇಲಿರುವ ತಂತ್ರಜ್ಞ ನಿಯಂತ್ರಣ ಕೇಂದ್ರಕ್ಕೆ ಫೋನ್ ಮಾಡಿ, ಮಾಹಿತಿಯಿಲ್ಲದ ಬರಿಯ ವಾಹಕ ತರಂಗವೊಂದನ್ನು ಕಳಿಸುತ್ತಾನೆ. ಅದು ವಿರುದ್ಧ ಧ್ರುವೀಕರಣದಲ್ಲಿ ಎಷ್ಟು ಕಾಣುತ್ತಿದೆ ಎಂದು ಅತ್ತ ಕಡೆಯವರು ಪರದೆಯ ಮೇಲೆ ನೋಡುತ್ತ, ‘ಇನ್ನೂ ತಿರುಗಿಸಿ, ಜಾಸ್ತಿಯಾಯಿತು, ವಾಪಸ್ ಬನ್ನಿ’ ಎಂದು ಹೇಳುತ್ತಾರೆ. ಆ ತರಂಗ ಪರದೆಯ ಗದ್ದಲದ ಮಟ್ಟಕ್ಕೆ ಇಳಿದ ಮೇಲೆ ಬೋಲ್ಟ್ ಬಿಗಿ ಮಾಡುವುದು. ಈ ಪರೀಕ್ಷೆಯನ್ನು ಅವಸರದಲ್ಲಿ ಮುಗಿಸಿದರೆ ಅದೇ ಆವರ್ತನದ ಇನ್ನೊಂದು ಧ್ರುವೀಕರಣ ಬಾಡಿಗೆಗೆ ಪಡೆದ ಅಪರಿಚಿತನೊಬ್ಬನಿಗೆ ನಿತ್ಯ ಕಾಟ.

ದನಿ ಏರಿಸಿದರೆ

ಗದ್ದಲದಲ್ಲಿ ಮಾತು ಕೇಳಿಸದಿದ್ದರೆ ದನಿ ಏರಿಸುವುದು ಮನುಷ್ಯ ಸಹಜ. 1986ರ ಏಪ್ರಿಲ್ 27ರ ನಡುರಾತ್ರಿ ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ ಸಿನಿಮಾ ನಡೆಯುತ್ತಿದ್ದಾಗ, ಬಣ್ಣದ ಪಟ್ಟೆಗಳ ಮೇಲೆ ‘ಕ್ಯಾಪ್ಟನ್ ಮಿಡ್‌ನೈಟ್’ ಸಹಿಯ ಸಂದೇಶವೊಂದು ನಾಲ್ಕೂವರೆ ನಿಮಿಷ ಕಾಣಿಸಿಕೊಂಡಿತು. ತಿಂಗಳಿಗೆ 12.95 ಡಾಲರ್ ಶುಲ್ಕ ಕೊಡಲಾರೆ ಎಂಬುದು ಅದರ ಸಾರ. ಫ್ಲಾರಿಡಾದ ಭೂಕೇಂದ್ರವೊಂದರಲ್ಲಿ ರಾತ್ರಿ ಪಾಳಿಯಲ್ಲಿದ್ದ ವ್ಯಕ್ತಿ ಅಲ್ಲಿನ ದೊಡ್ಡ ಡಿಶ್ಶನ್ನು ಗ್ಯಾಲಕ್ಸಿ 1 ಉಪಗ್ರಹದ ಕಡೆ ತಿರುಗಿಸಿ, ಎಚ್‌ಬಿಒಗಿಂತ ಪ್ರಬಲವಾದ ಸಂಕೇತ ಕಳಿಸಿದ್ದ. ಅಂದಿನ ಎಫ್‌ಎಂ ಪದ್ಧತಿಯಲ್ಲಿ ಎರಡು ಸಂಕೇತಗಳಲ್ಲಿ ಬಲವಾದದ್ದೇ ಗೆಲ್ಲುತ್ತದೆ. ಎಚ್‌ಬಿಒ ಸಿಬ್ಬಂದಿಯೂ ಶಕ್ತಿ ಏರಿಸಿ ನೋಡಿದರು. ಉಪಗ್ರಹವೇ ಕೆಟ್ಟೀತೆಂದು ಕೈಬಿಟ್ಟರು.

ಅವರ ಅಂಜಿಕೆ ಸರಿಯಾಗಿಯೇ ಇತ್ತು. ಟ್ರಾನ್ಸ್‌ಪಾಂಡರಿನ ವರ್ಧಕಕ್ಕೆ ಒಂದು ಮಿತಿಯಿದೆ. ಅದರ ಹತ್ತಿರ ಹೋದಂತೆಲ್ಲ ಒಳಗೆ ಬಂದದ್ದಕ್ಕೂ ಹೊರಗೆ ಹೋಗುವುದಕ್ಕೂ ಅನುಪಾತ ತಪ್ಪುತ್ತದೆ. ಆಗ ಅದರೊಳಗಿರುವ ಸಂಕೇತಗಳು ಒಂದಕ್ಕೊಂದು ಬೆರೆತು, ಯಾರೂ ಕಳಿಸದ ಹೊಸ ಸಂಕೇತಗಳು ಹುಟ್ಟುತ್ತವೆ. 14,010 ಮತ್ತು 14,012 ಮೆಗಾಹರ್ಟ್ಸ್‌ನಲ್ಲಿ ಇಬ್ಬರು ಮಾತಾಡುತ್ತಿದ್ದರೆ 14,008 ಮತ್ತು 14,014ಕ್ಕೆ ಸಲ್ಲುವ ಜಾಗಗಳಲ್ಲಿ ಅವರ ದೆವ್ವಗಳು ಕಾಣಿಸಿಕೊಳ್ಳುತ್ತವೆ. ಅಲ್ಲಿ ಮೂರನೆಯವನೊಬ್ಬ ಬಾಡಿಗೆದಾರ ಇದ್ದರೆ ಅವನ ಕೆಲಸ ಕೆಟ್ಟಿತು. ಅದಕ್ಕೇ ಹಲವರು ಹಂಚಿಕೊಂಡ ಟ್ರಾನ್ಸ್‌ಪಾಂಡರನ್ನು ಅದರ ಪೂರ್ಣ ಶಕ್ತಿಗಿಂತ ಬೇಕೆಂದೇ ಕೆಳಗಿಟ್ಟು ನಡೆಸುತ್ತಾರೆ. ಕೈಯಲ್ಲಿರುವ ಶಕ್ತಿಯಲ್ಲಿ ಅರ್ಧದಷ್ಟನ್ನು ಬಳಸದೆ ಬಿಡುವುದು ಇಲ್ಲಿ ದಂಡವಲ್ಲ, ವಿವೇಕ.

ಮಳೆಯ ಸಮಸ್ಯೆಯನ್ನೂ ಈಗ ಹೀಗೆಯೇ ಬಗೆಹರಿಸುತ್ತಾರೆ. ಡಿಟಿಎಚ್ ಬಳಸುವ ಕೆಯು-ಬ್ಯಾಂಡಿನ ತರಂಗವನ್ನು ಜಡಿಮಳೆ ಹೀರಿಕೊಳ್ಳುತ್ತದೆ. ಹಿಂದೆ ಇದಕ್ಕೆ ಮದ್ದು ಶಕ್ತಿ ಏರಿಸುವುದೇ ಆಗಿತ್ತು. ಮಳೆ ನಿಂತ ಮೇಲೆ ಇಳಿಸಲು ಮರೆತರೆ ನೆರೆಯವರಿಗೆ ತೊಂದರೆ. ಈಗಿನ ಡಿವಿಬಿ-ಎಸ್2 ಪದ್ಧತಿಯ ಮೋಡೆಮ್ ಆಕಾಶ ಕೆಟ್ಟಾಗ ದನಿ ಏರಿಸುವ ಬದಲು ಮಾತಿನ ವೇಗ ತಗ್ಗಿಸುತ್ತದೆ. ಪ್ರತಿ ಸೆಕೆಂಡಿಗೆ ಕಳಿಸುವ ಮಾಹಿತಿ ಕಡಿಮೆ ಮಾಡಿ, ತಪ್ಪು ತಿದ್ದುವ ಹೆಚ್ಚುವರಿ ಬಿಟ್‌ಗಳನ್ನು ಸೇರಿಸುತ್ತದೆ. ಮಳೆ ನಿಂತ ಕೂಡಲೇ ವೇಗ ವಾಪಸ್.

ಹೆಸರು ಹೇಳಿ ಮಾತಾಡಿ

ಕ್ಯಾಪ್ಟನ್ ಮಿಡ್‌ನೈಟ್ ಸಿಕ್ಕಿಬಿದ್ದದ್ದು ಪತ್ತೇದಾರಿಯಿಂದ. ಅಷ್ಟು ದೊಡ್ಡ ಡಿಶ್ ಯಾರ ಬಳಿಯಿದೆ, ತೆರೆಯ ಮೇಲಿನ ಅಕ್ಷರಗಳನ್ನು ಬರೆದ ಯಂತ್ರ ಯಾವುದು ಎಂದು ಹುಡುಕುತ್ತ ತನಿಖೆಗಾರರು ಅವನನ್ನು ಮುಟ್ಟಿದರು. ಆಮೇಲೆ ಬಂದ ನಿಯಮ: ಉಪಗ್ರಹಕ್ಕೆ ವೀಡಿಯೊ ಸಂಕೇತ ಕಳಿಸುವ ಪ್ರತಿ ಪ್ರೇಷಕ ಯಂತ್ರವೂ ತನ್ನ ಗುರುತನ್ನು ಜೊತೆಯಲ್ಲೇ ಕಳಿಸಬೇಕು. ಡಿಜಿಟಲ್ ಯುಗದಲ್ಲಿ ಇದರ ರೂಪ ‘ಕ್ಯಾರಿಯರ್ ಐಡಿ’. ಯಂತ್ರದ ಸಂಖ್ಯೆಯನ್ನು ಬಹು ಅಗಲವಾಗಿ ಹರಡಿ, ಮುಖ್ಯ ಸಂಕೇತದ ಅಡಿಯಲ್ಲಿ, ಅದಕ್ಕೆ ಧಕ್ಕೆಯಾಗದಷ್ಟು ಕ್ಷೀಣವಾಗಿ ಹುದುಗಿಸುತ್ತಾರೆ. ಟಿವಿಗೆ ಅದು ಕಾಣುವುದಿಲ್ಲ; ಸಂಕೇತದ ವಿನ್ಯಾಸ ಗೊತ್ತಿರುವ ರಿಸೀವರ್ ಮಾತ್ರ ಅದನ್ನು ಹೆಕ್ಕಿ ತೆಗೆಯಬಲ್ಲದು. ಅಡಚಣೆ ಬಂದರೆ ಹುಡುಕಾಟ ಒಂದು ಫೋನ್ ಕರೆಯಲ್ಲಿ ಮುಗಿಯುತ್ತದೆ.

ಗುರುತು ಕಳಿಸದವರನ್ನು ಹಿಡಿಯಲು ಬೇರೊಂದು ದಾರಿಯಿದೆ. ಡಿಶ್ಶಿನ ಅಕ್ಕಪಕ್ಕದ ಕವಲುಗಳಿಂದ ಸೋರುವ ಶಕ್ತಿ ನೆರೆಯ ಉಪಗ್ರಹಕ್ಕೂ ಒಂದಿಷ್ಟು ತಲುಪುತ್ತದೆಯಲ್ಲ? ಅದೇ ಸಾಕ್ಷಿ. ಒಂದೇ ಸಂಕೇತ ಎರಡು ಉಪಗ್ರಹಗಳ ಮೂಲಕ ಕೆಳಗಿಳಿದಾಗ, ಬಂದ ಹೊತ್ತಿನಲ್ಲಿ ಇರುವ ಅತಿ ಸಣ್ಣ ವ್ಯತ್ಯಾಸವನ್ನು ಅಳೆದರೆ ಭೂಪಟದ ಮೇಲೆ ಒಂದು ಗೆರೆ ಸಿಗುತ್ತದೆ. ಕಳಿಸಿದವನು ಆ ಗೆರೆಯ ಮೇಲೆ ಎಲ್ಲೋ ಇದ್ದಾನೆ. ಭೂಸ್ಥಿರ ಎಂದರೂ ಉಪಗ್ರಹಗಳು ಅಲ್ಪಸ್ವಲ್ಪ ಓಲಾಡುತ್ತಿರುತ್ತವೆ. ಅದರಿಂದ ಆವರ್ತನದಲ್ಲಿ ಆಗುವ ಡಾಪ್ಲರ್ ವ್ಯತ್ಯಾಸ ಇನ್ನೊಂದು ಗೆರೆ ಕೊಡುತ್ತದೆ. ಎರಡು ಗೆರೆ ಕೂಡುವಲ್ಲಿ ಅಪರಾಧಿ. ಬೇಕೆಂದೇ ಅಡ್ಡಿಪಡಿಸುವವರು ಯಾವ ದೇಶದಲ್ಲಿದ್ದಾರೆ ಎಂಬುದು ಹೀಗೆ ಬಯಲಾಗುತ್ತದೆ. ಯುಟೆಲ್‌ಸ್ಯಾಟ್ ಕಂಪನಿಯ ಉಪಗ್ರಹಗಳಲ್ಲಿ ಬರುತ್ತಿದ್ದ ಪರ್ಷಿಯನ್ ವಾಹಿನಿಗಳಿಗೆ ಆಗುತ್ತಿದ್ದ ಅಡಚಣೆಯನ್ನು ನಿಲ್ಲಿಸಬೇಕೆಂದು 2010ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಇರಾನಿಗೆ ಹೇಳಿತು. ಜಿನೀವಾದ ಆ ಒಕ್ಕೂಟಕ್ಕೆ ಹೇಳುವ ಅಧಿಕಾರವಿದೆ, ದಂಡ ವಿಧಿಸುವ ಅಧಿಕಾರವಿಲ್ಲ.

ನೆಲದಿಂದ ಬಂದ ಪೈಪೋಟಿ

ಇತ್ತೀಚೆಗೆ ಉಪಗ್ರಹದ ಹೊಸ ನೆರೆಯವನು ನೆಲದ ಮೇಲೇ ಇದ್ದಾನೆ. 2022ರಲ್ಲಿ ಭಾರತ 5ಜಿಗೆಂದು ಹರಾಜು ಹಾಕಿದ ಆವರ್ತನಗಳಲ್ಲಿ 3,300ರಿಂದ 3,670 ಮೆಗಾಹರ್ಟ್ಸ್ ಸೇರಿತ್ತು. ಕೇಬಲ್ ಆಪರೇಟರುಗಳ ದೊಡ್ಡ ಡಿಶ್‌ಗಳಿಗೆ ಟಿವಿ ವಾಹಿನಿಗಳು ಬಂದಿಳಿಯುವುದು 3,700ರಿಂದ 4,200ರಲ್ಲಿ. ಕಾಗದದ ಮೇಲೆ ಇಬ್ಬರ ಜಾಗ ಬೇರೆ, ನಡುವೆ 30 ಮೆಗಾಹರ್ಟ್ಸ್ ಬೇಲಿಯೂ ಇದೆ. ಆದರೆ ಡಿಶ್ಶಿನ ತುದಿಯಲ್ಲಿ ಸಂಕೇತಕ್ಕೆ ಬಲ ತುಂಬುವ ಎಲ್‌ಎನ್‌ಬಿ ಬೇಲಿ ನೋಡುವುದಿಲ್ಲ. ಹಳೆಯ ಎಲ್‌ಎನ್‌ಬಿಗಳಲ್ಲಿ ಹಲವು 3,400ರಿಂದಲೇ ಕಿವಿ ತೆರೆದಿರುತ್ತವೆ. ಪಕ್ಕದ ಬೀದಿಯ ಟವರಿನ ಸಂಕೇತ ಉಪಗ್ರಹದ್ದಕ್ಕಿಂತ ಎಷ್ಟೋ ಲಕ್ಷ ಪಟ್ಟು ಬಲವಾಗಿರುವುದರಿಂದ ಎಲ್‌ಎನ್‌ಬಿಯ ವರ್ಧಕ ತುಂಬಿ, ಎಲ್ಲ ವಾಹಿನಿಗಳೂ ಒಟ್ಟಿಗೆ ಮಾಯವಾಗಬಹುದು. ಮದ್ದು ಅಂಗೈ ಅಗಲದ ಒಂದು ಲೋಹದ ಕೊಳವೆ: ಫೀಡ್‌ಗೂ ಎಲ್‌ಎನ್‌ಬಿಗೂ ನಡುವೆ ಕೂಡಿಸುವ ಫಿಲ್ಟರ್. ಬೇಕಾದ ಆವರ್ತನಗಳನ್ನು ಮಾತ್ರ ಬಿಟ್ಟು ಉಳಿದದ್ದನ್ನು ಬಾಗಿಲಲ್ಲೇ ತಡೆಯುತ್ತದೆ. ಅಮೆರಿಕ ಇನ್ನೂ ಮುಂದೆ ಹೋಗಿ 3,700ರಿಂದ 3,980ರವರೆಗಿನ ಜಾಗವನ್ನೇ ಮೊಬೈಲ್ ಕಂಪನಿಗಳಿಗೆ ಸುಮಾರು 8,100 ಕೋಟಿ ಡಾಲರಿಗೆ ಮಾರಿತು. ಬೇಗ ಜಾಗ ತೆರವು ಮಾಡಿದ ಉಪಗ್ರಹ ಕಂಪನಿಗಳಿಗೆ 970 ಕೋಟಿ ಡಾಲರಿನವರೆಗೆ ಪ್ರೋತ್ಸಾಹಧನ ನಿಗದಿಯಾಯಿತು.

ಸಾವಿರಾರು ಉಪಗ್ರಹಗಳ ಕಾಲ

ಈವರೆಗಿನ ಉಪಾಯಗಳಿಗೆಲ್ಲ ಒಂದು ಆಧಾರವಿತ್ತು: ಉಪಗ್ರಹಗಳು ನಿಂತಲ್ಲಿ ನಿಂತಿರುತ್ತವೆ, ಡಿಶ್ ಒಮ್ಮೆ ತಿರುಗಿಸಿದರೆ ಸಾಕು. ಸ್ಟಾರ್‌ಲಿಂಕ್, ವನ್‌ವೆಬ್‌ನಂಥ ಕೆಳಕಕ್ಷೆಯ ಇಂಟರ್‌ನೆಟ್ ಉಪಗ್ರಹ ಜಾಲಗಳು ಬಂದ ಮೇಲೆ ಆ ಆಧಾರ ಅಲುಗಾಡಿದೆ. 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ಇಸ್ರೋದ ಎಲ್‌ವಿಎಂ3 ರಾಕೆಟ್ ತಲಾ 36ರಂತೆ ಹೊತ್ತೊಯ್ದ ವನ್‌ವೆಬ್ ಉಪಗ್ರಹಗಳು ಸುಮಾರು 1,200 ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತವೆ. ಪ್ರತಿ ಸುತ್ತಿಗೂ ಎರಡು ಸಲ ಸಮಭಾಜಕ ವೃತ್ತ ದಾಟಲೇಬೇಕು. ಆಗ ಅವು ಕೆಲವು ಕ್ಷಣ, ನೆಲದ ಡಿಶ್‌ಗೂ ಅದು ನೋಡುತ್ತಿರುವ ಭೂಸ್ಥಿರ ಉಪಗ್ರಹಕ್ಕೂ ಸರಿಯಾಗಿ ನಡುವೆ ಬರಬಹುದು. ಹೀಗೆ ನಡುವೆ ಬಂದಾಗ ಡಿಶ್ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ. ಇಬ್ಬರೂ ಅದೇ ಕಿರಣದೊಳಗೆ ಇದ್ದಾರೆ.

2000ದಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ವಿಶ್ವ ರೇಡಿಯೋ ಸಮ್ಮೇಳನ ಇದಕ್ಕೊಂದು ಮಿತಿ ಒಪ್ಪಿಕೊಂಡಿತು. ಕೆಳಕಕ್ಷೆಯ ಎಲ್ಲ ಉಪಗ್ರಹಗಳಿಂದ ಒಟ್ಟಾಗಿ ಭೂಸ್ಥಿರ ಸೇವೆಯ ಡಿಶ್ಶಿನೊಳಗೆ ಬೀಳಬಹುದಾದ ಶಕ್ತಿ ಇಂತಿಷ್ಟಕ್ಕಿಂತ ಹೆಚ್ಚಿರಕೂಡದು. ಈ ಮಿತಿಗೆ ಒಳಪಡಲು ವನ್‌ವೆಬ್ ಉಪಗ್ರಹ ಸಮಭಾಜಕ ವೃತ್ತ ಹತ್ತಿರವಾದಂತೆ ತನ್ನ ಮೈಯನ್ನೇ ವಾಲಿಸುತ್ತದೆ ಮತ್ತು ಕೆಲವು ಕಿರಣಗಳನ್ನು ಆರಿಸುತ್ತದೆ. ಸ್ಟಾರ್‌ಲಿಂಕ್ ಬೇರೆ ಉಪಾಯ ಹಿಡಿದಿದೆ: ಭೂಸ್ಥಿರ ಕಕ್ಷೆಯ ರೇಖೆಯಿಂದ ನಿಗದಿತ ಕೋನದೊಳಗೆ ಕಾಣುವ ತನ್ನ ಉಪಗ್ರಹಗಳಿಂದ ಗಿರಾಕಿಗೆ ಸೇವೆ ಕೊಡುವುದಿಲ್ಲ, ಆಚೆ ಇರುವ ಇನ್ನೊಂದನ್ನು ಆರಿಸಿಕೊಳ್ಳುತ್ತದೆ. ಆಕಾಶದಲ್ಲಿ ಉಪಗ್ರಹಗಳು ಸಾಕಷ್ಟಿದ್ದರೆ ಇದು ನಡೆಯುತ್ತದೆ.

ಈ ಸೌಜನ್ಯದ ಬೆಲೆ ಎಲ್ಲ ಊರಿಗೂ ಒಂದೇ ಅಲ್ಲ. ಲಂಡನ್ನಿನಲ್ಲಿ ಭೂಸ್ಥಿರ ಕಕ್ಷೆ ದಕ್ಷಿಣದ ದಿಗಂತಕ್ಕೆ ಹತ್ತಿರವಾಗಿ ಕಾಣುತ್ತದೆ; ಅಲ್ಲಿ ಬಿಟ್ಟುಕೊಡಬೇಕಾದ ಆಕಾಶ ಮನೆ, ಮರಗಳ ಮರೆಯಲ್ಲಿ ಹೇಗೂ ಅಷ್ಟು ಉಪಯೋಗಕ್ಕೆ ಬರುವುದಲ್ಲ. ಬೆಂಗಳೂರಿನಿಂದ ನೋಡಿದರೆ ಆ ಕಕ್ಷೆ ನೆತ್ತಿಯಿಂದ ದಕ್ಷಿಣಕ್ಕೆ ಸುಮಾರು 15 ಡಿಗ್ರಿಯಷ್ಟೇ ಸರಿದಿದೆ. ಕೆಳಕಕ್ಷೆಯ ಉಪಗ್ರಹಗಳು ಅತಿ ಹತ್ತಿರ, ಅತಿ ಸ್ಪಷ್ಟವಾಗಿ ಸಿಗುವ ಆಕಾಶವೂ ಅದೇ. 2023ರ ದುಬೈ ಸಮ್ಮೇಳನದಲ್ಲಿ ಹಳೆಯ ಮಿತಿ ಸಡಿಲಿಸಬೇಕೆಂದು ಕೆಳಕಕ್ಷೆಯ ಕಂಪನಿಗಳ ಪರವಾಗಿ ವಾದ ಬಂತು. ಭೂಸ್ಥಿರ ಉಪಗ್ರಹಗಳವರು ಒಪ್ಪಲಿಲ್ಲ. ತಾಂತ್ರಿಕ ಅಧ್ಯಯನಕ್ಕೆ ಮಾತ್ರ ಸಮ್ಮತಿ ಸಿಕ್ಕಿತು.

ಎರಡೂ ಕಡೆಯ ವಾದದಲ್ಲಿ ಹುರುಳಿದೆ. ಮಿತಿ ಸಡಿಲವಾದರೆ ಹಾಸನದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ನೋಡಿಕೊಂಡು ಬಂದಿರುವ ಇನ್‌ಸ್ಯಾಟ್, ಜಿಸ್ಯಾಟ್ ಸರಣಿಯಂಥ ಭೂಸ್ಥಿರ ಉಪಗ್ರಹಗಳ ಸೇವೆಗೆ ಗದ್ದಲ ಹೆಚ್ಚುತ್ತದೆ. ಬಿಗಿಯಾಗಿಯೇ ಉಳಿದರೆ, ಕೇಬಲ್ ತಲುಪದ ಮಲೆನಾಡಿನ ಊರಿಗೆ ಕೆಳಕಕ್ಷೆಯ ಇಂಟರ್‌ನೆಟ್ ಬರುವ ದಾರಿ ಕಿರಿದಾಗುತ್ತದೆ. ಕಿರಣ ಕಿರಿದಾಗಿಸುವುದು, ಫೀಡ್ ತಿರುಗಿಸುವುದು, ಶಕ್ತಿ ತಗ್ಗಿಸುವುದು ಎಂಜಿನಿಯರ್ ಮಾಡಬಹುದಾದ ಕೆಲಸ. ಯಾರು ಎಷ್ಟು ತಗ್ಗಬೇಕು ಎಂಬುದು ಗಣಿತದಿಂದ ಬರುವ ಉತ್ತರವಲ್ಲ. ಅದನ್ನು ದೇಶಗಳು ಕೂತು ಮಾತಾಡಿಯೇ ತೀರ್ಮಾನಿಸಬೇಕು. ನೆತ್ತಿಯ ಮೇಲಿನ ಆಕಾಶವನ್ನೇ ಬಿಟ್ಟುಕೊಡಬೇಕಾದ ನಮ್ಮಂಥ ದೇಶಗಳಿಗೆ ಆ ಮೇಜಿನಲ್ಲಿ ಉಳಿದವರಿಗಿಂತ ಹೆಚ್ಚು ಕೆಲಸವಿದೆ.